ಬೆವರು ಒಂದೂರಿಗೆ, ಓಟು ಇನ್ನೊಂದೂರಿಗೆ

ಮತದಾನದ ಹಿಂದಿನ ರಾತ್ರಿ ನಮ್ಮೂರು ದಡ್ಡಿಗೆ ಬರುವ ಕ್ರೂಸರುಗಳನ್ನು ನೋಡಬೇಕು. ಗೋಕುಳ ಶಿರಗಾವದ ಎಂಐಡಿಸಿಯಿಂದ ಒಂದು, ಇಚಲಕರಂಜಿಯ ಮಗ್ಗದ ಮಂದಿಯನ್ನು ತುಂಬಿಕೊಂಡು ಇನ್ನೊಂದು, ವಾಸ್ಕೋ, ಮಾಪುಸಾ ಕಡೆಯಿಂದ ಮತ್ತೆರಡು. ಗಾಡಿಯ ಬಾಡಿಗೆ ಅಭ್ಯರ್ಥಿಯದು, ದಾರಿಯ ಧಾಬಾದ ಬಿಲ್ಲೂ ಅವನದೇ. ಬೆಳಗ್ಗೆ ಬೆರಳಿಗೆ ಶಾಯಿ ಬೀಳುತ್ತದೆ. ಮಧ್ಯಾಹ್ನ ಅವ್ವ ಕಟ್ಟಿಕೊಟ್ಟ ರೊಟ್ಟಿಗಂಟು ಹಿಡಿದು ಹುಡುಗರು ಅದೇ ಗಾಡಿ ಹತ್ತುತ್ತಾರೆ. ನಮ್ಮ ಹುಕ್ಕೇರಿ ತಾಲ್ಲೂಕಿನಲ್ಲಷ್ಟೇ ಅಲ್ಲ, ಗೋಕಾಕ, ಮೂಡಲಗಿ ಕಡೆಯ ಹಳ್ಳಿಗಳಲ್ಲೂ ಇದೇ ಪದ್ಧತಿ. ಇದನ್ನು ಊರಿನ ಮೇಲಿನ ಅಭಿಮಾನ ಎಂದು ಹೊಗಳುತ್ತ ಬಂದಿದ್ದೇವೆ. ಅಭ್ಯರ್ಥಿಗಳಂತೂ ಹೊಗಳಲೇಬೇಕು. ಗಟಾರ ತುಂಬಿದೆ, ನಳಕ್ಕೆ ನೀರಿಲ್ಲ ಎಂದು ಐದು ವರ್ಷದಲ್ಲಿ ಒಂದು ಸಲವೂ ಬಾಗಿಲಿಗೆ ಬಂದು ನಿಲ್ಲದ ಮತದಾರ ಇನ್ನೆಲ್ಲಿ ಸಿಗಬೇಕು?

ನನ್ನ ಮಾತು ಇದಕ್ಕೆ ತದ್ವಿರುದ್ಧ. ವರ್ಷಗಟ್ಟಲೆ ಒಂದೇ ಕಡೆ ದುಡಿಯುವವನು ತನ್ನ ಓಟನ್ನೂ ಅಲ್ಲಿಗೇ ಒಯ್ಯಬೇಕು. ಮೊದಲು ಕಾರ್ಖಾನೆಯ ಯೂನಿಯನ್ನಿಗೆ ನಿಲ್ಲಬೇಕು, ಆಮೇಲೆ ತಾನು ಬಾಡಿಗೆ ಕೊಟ್ಟು ಬದುಕುವ ವಾರ್ಡಿಗೆ ನಿಲ್ಲಬೇಕು. ಸೋತರೆ ಮತ್ತೆ ನಿಲ್ಲಬೇಕು. ಚಾವಡಿಯಲ್ಲಿ ಇದನ್ನು ಹೇಳಿದಾಗ ‘ಮುದುಕಗ ಮುಂಬೈ ಗಾಳಿ ಇನ್ನಾ ಇಳದಿಲ್ಲ’ ಎಂದು ನಕ್ಕವರಿದ್ದಾರೆ. ಇಳಿದಿಲ್ಲ, ನಿಜ. ಇಳಿಯದಿರಲು ಕಾರಣವೂ ಇದೆ.

ಎಪ್ಪತ್ತರ ದಶಕದ ನಡುವೆ ನಾನು ಬದಲಿ ಕಾರ್ಡಿನ ಮೇಲೆ, ಅಂದರೆ ಕಾಯಂ ಕೆಲಸಗಾರ ಬಾರದ ದಿನ ಅವನ ಜಾಗದಲ್ಲಿ ದುಡಿಯುವವನಾಗಿ, ಮುಂಬೈಯ ಒಂದು ಬಟ್ಟೆ ಗಿರಣಿಯ ಸಾಂಚೆ (ಮಗ್ಗ) ಖಾತೆಗೆ ಸೇರಿದೆ. ಚಂದಗಡ, ಆಜರಾ, ಗಡಹಿಂಗ್ಲಜದ ಮಂದಿಯ ಜೊತೆ ಗಡಿಯ ಈಚೆಯ ನಮ್ಮಂಥ ಹಳ್ಳಿಗಳ ಗಂಡಸರೂ ಲಾಲಬಾಗ, ಪರಳ, ಡಿಲೈಲ್ ರೋಡಿನ ಚಾಳುಗಳಲ್ಲಿ ತುಂಬಿದ್ದ ಕಾಲ ಅದು. ಒಂದೊಂದು ಊರಿನವರದು ಒಂದೊಂದು ಖೋಲಿ. ಗೋಡೆಗೆ ಸಾಲಾಗಿ ಮೊಳೆ, ಮೊಳೆಗೊಂದು ಚೀಲ, ಕೆಳಗೆ ತಗಡಿನ ಟ್ರಂಕು. ಮಲಗುವ ಜಾಗ ಮೂರು ಪಾಳಿಗೆ ಹಂಚಿಕೆ. ರಾತ್ರಿ ಪಾಳಿಯವನು ಬಂದು ಒರಗುವಾಗ ಮೊದಲ ಪಾಳಿಯವನ ಹಾಸಿಗೆ ಇನ್ನೂ ಬೆಚ್ಚಗಿರುತ್ತಿತ್ತು. ಊಟ ಖಾನಾವಳಿ ನಡೆಸುವ ಬಾಯಿಯ ಹತ್ತಿರ, ಲೆಕ್ಕ ಪಗಾರದ ದಿನ. ಆ ಖಾನಾವಳಿಯ ಹೆಂಗಸರನ್ನು ಗೋವೆಯಿಂದ ಬಂದ ಪ್ರೇಮಾ ಪುರವ ಎಂಬಾಕೆ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿ ಒಂದುಗೂಡಿಸಿದರು, ಬ್ಯಾಂಕಿನ ಸಾಲ ಕೊಡಿಸಿದರು. ಅವರ ಕೈಯ ಅನ್ನ ಉಂಡ ನಾವು ಗಂಡಸರು ಅಷ್ಟು ಮುಂದೆ ಹೋಗಲಿಲ್ಲ.

ಚುನಾವಣೆ ಹತ್ತಿರ ಬಂದಾಗ ಓಟಿನ ಚೀಟಿ ಹಂಚುವವರು ಚಾಳಿನ ಮೆಟ್ಟಿಲು ಹತ್ತಿ ಬರುತ್ತಿದ್ದರು. ಸಂಸಾರವಂದಿಗರ ಬಾಗಿಲಲ್ಲಿ ನಿಂತು ಹೆಸರು ಕೂಗಿ ಚೀಟಿ ಕೊಟ್ಟು, ನಮ್ಮ ಬಾಗಿಲು ದಾಟಿ ಮುಂದೆ ಹೋಗುತ್ತಿದ್ದರು. ನಮ್ಮೆಲ್ಲರ ಹೆಸರು ಊರಿನ ಯಾದಿಯಲ್ಲಿ. ನಳದ ನೀರಿನ ಹೊತ್ತು, ಸಂಡಾಸದ ಸಾಲು, ಬೀಳಲಾದ ಮಾಳಿಗೆಯ ದುರಸ್ತಿ ಎಲ್ಲವೂ ಯಾವ ನಗರಸೇವಕನ ಕೈಯಲ್ಲಿದ್ದವೋ ಅವನಿಗೆ ನಾವು ಲೆಕ್ಕಕ್ಕೇ ಇರಲಿಲ್ಲ.

ಗಿರಣಿಯ ಒಳಗಿನ ಲೆಕ್ಕ ಇನ್ನೂ ವಿಚಿತ್ರ. 1946ರ ಬಾಂಬೆ ಇಂಡಸ್ಟ್ರಿಯಲ್ ರಿಲೇಶನ್ಸ್ ಕಾಯ್ದೆಯ ಪ್ರಕಾರ ಮುಂಬೈಯ ಬಟ್ಟೆ ಗಿರಣಿಗಳಿಗೆಲ್ಲ ಸೇರಿ ಮಾನ್ಯತೆ ಪಡೆದ ಯೂನಿಯನ್ ಒಂದೇ, ಕಾಂಗ್ರೆಸ್ಸಿನ ರಾಷ್ಟ್ರೀಯ ಮಿಲ್ ಮಜದೂರ್ ಸಂಘ. ಮಾಲಕರ ಜೊತೆ ಮಾತಿಗೆ ಕೂರುವ ಹಕ್ಕು ಅದಕ್ಕೆ ಮಾತ್ರ. ಮಾನ್ಯತೆ ನಿಂತದ್ದು ಚಂದಾ ಪುಸ್ತಕದ ಮೇಲೆ. ಕಾರ್ಮಿಕರು ಗುಪ್ತ ಮತ ಹಾಕಿ ತಮ್ಮ ಯೂನಿಯನ್ ಆರಿಸುವ ದಾರಿಯೇ ಇರಲಿಲ್ಲ. 1982ರ ಜನವರಿ 18ರಂದು ಕಾರ್ಮಿಕ ನಾಯಕ ಡಾ. ದತ್ತಾ ಸಾಮಂತರ ಹಿಂದೆ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದಾಗ ಕೇಳಿದ್ದು ಪಗಾರ, ಬದಲಿಯವರ ಕಾಯಂ ಇಷ್ಟನ್ನೇ ಅಲ್ಲ. ಈ ಕಾಯ್ದೆ ತೆಗೆಯಿರಿ, ನಮ್ಮ ಯೂನಿಯನ್ನನ್ನು ನಾವೇ ಆರಿಸುತ್ತೇವೆ ಎಂಬುದೂ ದೊಡ್ಡ ಬೇಡಿಕೆಯಾಗಿತ್ತು. ದಿಲ್ಲಿ ಹೆದರಿದ್ದು ಇದಕ್ಕೇ ಎಂದು ನಾನು ಇಂದಿಗೂ ನಂಬುತ್ತೇನೆ. ಹತ್ತಿಪ್ಪತ್ತು ರೂಪಾಯಿ ಏರಿಸಿ ಯಾರನ್ನಾದರೂ ಸಮಾಧಾನ ಮಾಡಬಹುದು, ಆರಿಸುವ ಹಕ್ಕು ಕೊಟ್ಟ ಮೇಲೆ ತಿರುಗಿ ಇಸಿದುಕೊಳ್ಳಲು ಬರುವುದಿಲ್ಲ.

ಮುಷ್ಕರ ಅಷ್ಟು ದಿನ ನಡೆದದ್ದು ಹಳ್ಳಿಗಳ ಬಲದಿಂದ. ಮುಂಬೈಯಲ್ಲಿ ಬಾಡಿಗೆ ಕೊಟ್ಟು ಕೂತು ತಿನ್ನಲಾಗದವರು ಸಾತಾರಾ, ಸಾಂಗಲಿ, ಕೊಲ್ಹಾಪುರ, ಕೊಂಕಣದ ತಮ್ಮ ಊರು ಸೇರಿದರು. ನಮ್ಮವರೂ ಟ್ರಂಕು ಹೊತ್ತು ಬಂದು ಘಟಪ್ರಭೆಯ ದಂಡೆಯಲ್ಲಿ ಅಣ್ಣತಮ್ಮಂದಿರ ಹೊಲದಲ್ಲಿ ದುಡಿದು ಜೋಳದ ರೊಟ್ಟಿ ಉಂಡರು. ಗಿರಣಿಯ ಸೋಲಿನ ಖರ್ಚಿನ ದೊಡ್ಡ ಪಾಲನ್ನು ಹೊತ್ತದ್ದು ಇಂಥ ಮನೆಗಳು. ಆ ಮುಷ್ಕರ ಮುಗಿಯಿತೆಂದು ಯಾರೂ ಘೋಷಿಸಲೇ ಇಲ್ಲ. ಬಹಳಷ್ಟು ಗಿರಣಿಗಳ ಬಾಗಿಲು ನಮ್ಮ ಪಾಲಿಗೆ ಮುಚ್ಚಿಹೋಯಿತು.

ಇದಾದ ಮೇಲೆ ನಡೆದದ್ದನ್ನು ನಮ್ಮ ಕಡೆಯವರು ಸರಿಯಾಗಿ ಗಮನಿಸಲಿಲ್ಲ. 1984ರ ಡಿಸೆಂಬರಿನಲ್ಲಿ ಇಂದಿರಾ ಗಾಂಧಿ ಹತ್ಯೆಯ ನಂತರದ ಅಲೆಯಲ್ಲಿ ಕಾಂಗ್ರೆಸ್ 400 ಸ್ಥಾನ ದಾಟಿತು. ಆ ಅಲೆಯ ಎದುರು ಮುಂಬೈ ದಕ್ಷಿಣ ಮಧ್ಯ ಕ್ಷೇತ್ರದಲ್ಲಿ ಪಕ್ಷೇತರನಾಗಿ ನಿಂತ ದತ್ತಾ ಸಾಮಂತ ಗೆದ್ದು ಲೋಕಸಭೆಗೆ ಹೋದರು. ಗಿರಣಿಯಲ್ಲಿ ಮಾಲಕನ ಎದುರು ಕುರ್ಚಿ ಹಾಕಿ ಕೂರಲು ಕಾಯ್ದೆ ಯಾರನ್ನು ಬಿಡಲಿಲ್ಲವೋ ಅವರನ್ನು ಅದೇ ಗಿರಣಿಗಳ ಬೀದಿ ಸಂಸತ್ತಿನಲ್ಲಿ ಕೂರಿಸಿತು. ಆಮೇಲೆ ಅವರ ಕಾಮಗಾರ ಆಘಾಡಿ ವಿಧಾನಸಭೆಗೂ ಮಂದಿಯನ್ನು ನಿಲ್ಲಿಸಿತು. ಸೋತ ಮುಷ್ಕರವೂ ಓಟಿನ ಪೆಟ್ಟಿಗೆಯಲ್ಲಿ ಗೆಲ್ಲಬಹುದಿತ್ತು, ಗೆದ್ದಿತು. ಆದರೆ ಆ ಗೆಲುವಿನಲ್ಲಿ ದಡ್ಡಿ ಕಡೆಯ ಖೋಲಿಗಳ ಪಾಲು ಬಹಳ ಸಣ್ಣದು. ನಾವು ಇಲ್ಲಿ ನಿಂತು ಸಕ್ಕರೆ ಕಾರ್ಖಾನೆ, ಸೊಸೈಟಿ ನಡೆಸುವ ಮನೆತನಗಳಲ್ಲಿ ಯಾರು ಮೇಲು ಎಂಬ ಪ್ರಶ್ನೆಗೆ ಓಟು ಹಾಕುತ್ತಿದ್ದೆವು.

ಕನ್ನಡ ನಾಡಿನಿಂದ ಹೋದವನು ಇದನ್ನೆಲ್ಲ ಸರಿಯಾಗಿ ಮಾಡಿ ತೋರಿಸಿದ್ದು ಅದಕ್ಕೂ ಹಿಂದೆ. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಪಾದ್ರಿಯಾಗಲು ಓದುತ್ತಿದ್ದ ಬೆಂಗಳೂರಿನ ಸೆಮಿನರಿ ಬಿಟ್ಟು ಇಪ್ಪತ್ತರ ಆಸುಪಾಸಿನಲ್ಲಿ ಮುಂಬೈಗೆ ಬಂದರು. ಚೌಪಾಟಿಯ ಬೆಂಚಿನ ಮೇಲೆ ಮಲಗಿ, ನಡುರಾತ್ರಿ ಪೊಲೀಸ ಎಬ್ಬಿಸಿದರೆ ಎದ್ದು ಇನ್ನೊಂದು ಕಡೆ ಹೋಗುತ್ತಿದ್ದವರು. ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ ಸಿಕ್ಕಿತು. ಮಂಗಳೂರು ಕಡೆಯವರೇ ಆದ ಬಂದರು ಕಾರ್ಮಿಕರ ನಾಯಕ ಪ್ಲಾಸಿಡ್ ಡಿಮೆಲ್ಲೊ ಅವರ ಹತ್ತಿರ ಯೂನಿಯನ್ನಿನ ಪಾಠವಾಯಿತು. 1961ರಲ್ಲಿ ಮುಂಬೈ ಮಹಾನಗರಪಾಲಿಕೆಗೆ ಆರಿಸಿಬಂದರು. 1967ರಲ್ಲಿ ದಕ್ಷಿಣ ಮುಂಬೈಯಲ್ಲಿ ಎಸ್.ಕೆ. ಪಾಟೀಲರ ಎದುರು ನಿಂತರು. ಪಾಟೀಲರೆಂದರೆ ಮೂರು ಸಲ ಮೇಯರ್ ಆಗಿದ್ದವರು, ಕೇಂದ್ರ ಮಂತ್ರಿ, ಮುಂಬೈಯ ಕಿರೀಟವಿಲ್ಲದ ದೊರೆ. ಅವರನ್ನು 36 ವರ್ಷದ ಈ ವಲಸಿಗ ಸೋಲಿಸಿದ.

ಮೆಟ್ಟಿಲುಗಳನ್ನು ಗಮನಿಸಿ: ಯೂನಿಯನ್, ಪಾಲಿಕೆ, ಆಮೇಲೆ ಸಂಸತ್ತು. ಮರುವರ್ಷ, 1968ರಲ್ಲಿ, ಟ್ಯಾಕ್ಸಿಯವರಿಗೂ ಕೆಲಸಗಾರರಿಗೂ ಸಾಲ ಸಿಗಲೆಂದು ಬಾಂಬೆ ಲೇಬರ್ ಕೋಆಪರೇಟಿವ್ ಬ್ಯಾಂಕ್ ಕಟ್ಟಿದರು. (ನ್ಯೂ ಇಂಡಿಯಾ ಎಂದು ಹೆಸರು ಬದಲಿಸಿಕೊಂಡಿದ್ದ ಆ ಬ್ಯಾಂಕು 2025ರಲ್ಲಿ ಹಣಕಾಸಿನ ಹಗರಣಕ್ಕೆ ಸಿಕ್ಕು ಇನ್ನೊಂದು ಬ್ಯಾಂಕಿನ ಹೊಟ್ಟೆ ಸೇರಿತು. ಕಟ್ಟಿದವರು ಅದನ್ನು ನೋಡಲು ಉಳಿದಿರಲಿಲ್ಲ.) ಇನ್ನೂ ದೊಡ್ಡ ಸಂಗತಿ ಎಂದರೆ ಅವರು ಮಂಗಳೂರಿನವರ ಪಕ್ಷ ಕಟ್ಟಲಿಲ್ಲ. ಟ್ಯಾಕ್ಸಿ ಓಡಿಸುವವನು ಉತ್ತರದ ಭೈಯ್ಯಾ, ಹೋಟೆಲಿನಲ್ಲಿ ಕಪ್ಪು ತೊಳೆಯುವವನು ಉಡುಪಿಯ ಹುಡುಗ, ಪಾಲಿಕೆಯ ಕಸದ ಗಾಡಿಯವನು ದೇಶದ ಕಡೆಯ ಮರಾಠಿಗ. ಎಲ್ಲರ ಮಾತಿನಲ್ಲೂ ಮಾತಾಡಬಲ್ಲ ನಾಲಿಗೆ ಅವರಿಗಿತ್ತು. 1974ರ ರೈಲ್ವೆ ಮುಷ್ಕರದಲ್ಲಿ ಇಡೀ ದೇಶದ ರೈಲ್ವೆ ಕಾರ್ಮಿಕರು ಅವರ ಹಿಂದೆ ನಿಂತಾಗ ನೀನು ಯಾವ ರಾಜ್ಯದವನು ಎಂದು ಯಾರೂ ಕೇಳಲಿಲ್ಲ.

ಅದೇ ಮುಂಬೈಯಲ್ಲಿ, ಅದೇ ವರ್ಷಗಳಲ್ಲಿ, ಇದಕ್ಕೆ ತದ್ವಿರುದ್ಧವಾದ ಇನ್ನೊಂದು ರಾಜಕಾರಣವೂ ಹುಟ್ಟಿತು. 1966ರ ಜೂನ್ 19ರಂದು ಶಿವಸೇನೆ. ಅದರ ಮೊದಲ ಸಿಟ್ಟು ದಕ್ಷಿಣದ ಲುಂಗಿವಾಲಾಗಳ ಮೇಲೆ. 1969ರ ಫೆಬ್ರವರಿಯಲ್ಲಿ ಬೆಳಗಾವಿ ನಮಗೆ ಬೇಕೆಂದು ಎದ್ದ ಗಲಭೆಯಲ್ಲಿ ದಿನಗಟ್ಟಲೆ ಮುಂಬೈ ಹೊತ್ತಿ ಉರಿಯಿತು. ನಾನು ಹೋಗುವ ಹೊತ್ತಿಗೆ ಹೊಗೆ ತಣ್ಣಗಾಗಿತ್ತು, ಆದರೂ ಖೋಲಿಯ ಹಿರಿಯರು ಹೊಸಬರಿಗೆ ಕಿವಿಮಾತು ಹೇಳುತ್ತಿದ್ದರು: ‘ಯಾರರ ಕೇಳಿದರ ಕೊಲ್ಹಾಪುರ ಬಾಜೂದಾಂವ ಅನ್ನು.’ ನಮ್ಮ ಬಾಯಲ್ಲಿ ಮರಾಠಿ ಸರಾಗ, ದಡ್ಡಿಯಲ್ಲಿ ಎರಡೂ ಭಾಷೆ ಒಂದೇ ಕಟ್ಟೆಯ ಮೇಲೆ ಕೂರುತ್ತವೆ. ಹಾಗಾಗಿ ಬಚಾವಾದೆವು. ಹೀಗೆ ಅಡಗಿಕೊಂಡು ಬದುಕುವವನಿಗೆ ಚುನಾವಣೆಗೆ ನಿಲ್ಲುವ ಮಾತು ಎಲ್ಲಿಂದ ಹೊಳೆಯಬೇಕು?

ಬೆಳಗಾವಿಯ ಎಂಇಎಸ್ (ಮಹಾರಾಷ್ಟ್ರ ಏಕೀಕರಣ ಸಮಿತಿ) ಕೂಡ ಹೊರಗಿನಿಂದ ಬಂದವರ ಪಕ್ಷವೇ ಅಲ್ಲವೇ ಎಂದು ಕೇಳುವವರಿಗೆ ಒಂದು ಮಾತು. ಅಲ್ಲ. ಅವರು ಇಲ್ಲಿನ ಮಣ್ಣಿನವರೇ. ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕೆಂಬ ಅವರ ಬೇಡಿಕೆಯನ್ನು ನಾನು ಒಪ್ಪುವುದಿಲ್ಲ ಎಂಬುದು ಬೇರೆ ಸಂಗತಿ.

ವಲಸೆಯವರ ರಾಜಕಾರಣ ನೋಡಬೇಕೆಂದರೆ ಸೊಲ್ಲಾಪುರಕ್ಕೆ ಹೋಗಬೇಕು. ತೆಲುಗು ನಾಡಿನಿಂದ ಮಗ್ಗದ ಕೆಲಸಕ್ಕೆ ಬಂದ ಪದ್ಮಶಾಲಿ ಮನೆತನಗಳು ಅಲ್ಲಿ ತುಂಬಿವೆ. ಗಂಡಸರು ಮಗ್ಗದಲ್ಲಿ, ಹೆಂಗಸರು ಬೀಡಿ ಕಟ್ಟುವುದರಲ್ಲಿ. ಆ ಸಮುದಾಯದ ನರಸಯ್ಯ ಆಡಂ, ಊರಿನವರ ಬಾಯಲ್ಲಿ ಆಡಂ ಮಾಸ್ತರ್, ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷದಿಂದ 1978, 1995 ಮತ್ತು 2004ರಲ್ಲಿ ಶಾಸಕರಾದರು. ಬೀಡಿ ಕಟ್ಟುವ ಹೆಂಗಸರಿಗೆ ಕುಂಭಾರಿಯಲ್ಲಿ 10,000 ಮನೆಗಳು ಎದ್ದು ನಿಂತವು. 2006ರ ಸೆಪ್ಟೆಂಬರ್ 1ರಂದು ಪ್ರಧಾನಿ ಮನಮೋಹನ ಸಿಂಗ್ ಬಂದು ಅವನ್ನು ಹಸ್ತಾಂತರಿಸಿದರು. ಅಸಂಘಟಿತ ಕಾರ್ಮಿಕರಿಗಾಗಿ 30,000 ಮನೆಗಳ ರೇ ನಗರ ಯೋಜನೆಯಲ್ಲಿ 15,000 ಮನೆಗಳ ಕೀಲಿಯನ್ನು 2024ರ ಜನವರಿ 19ರಂದು ಪ್ರಧಾನಿ ಮೋದಿ ಕೊಟ್ಟರು. ಇಬ್ಬರು ಪ್ರಧಾನಿಗಳು, ಎರಡು ಬೇರೆ ಪಕ್ಷ, ಬೆನ್ನು ಹತ್ತಿದವರು ಅದೇ ಕೆಂಪು ಬಾವುಟದವರು. 2009ರಿಂದ ಈಚೆಗೆ ಮಾಸ್ತರರು ಗೆದ್ದಿಲ್ಲ. ಮನೆ ಸಿಕ್ಕವರೆಲ್ಲ ಓಟು ಕೊಡಬೇಕೆಂಬ ಕರಾರೇನೂ ಇಲ್ಲವಲ್ಲ. ಆದರೆ ಮನೆಗಳಿವೆ. ಮುಂಬೈ ಗಿರಣಿಯವರ ಗತಿಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. 1982ರ ಜನವರಿ 1ರ ನಂತರ ಗಿರಣಿಯಲ್ಲಿ ದುಡಿದವರಿಗೆ ಮಹಾರಾಷ್ಟ್ರದ ಗೃಹನಿರ್ಮಾಣ ಸಂಸ್ಥೆ ಮ್ಹಾಡಾ ಮನೆ ಕೊಡುವ ಯೋಜನೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಅರ್ಜಿ. ಲಾಟರಿಯಲ್ಲಿ ಮನೆ ಹತ್ತಿದವರು ಅದರಲ್ಲಿ ಕೆಲವರು ಮಾತ್ರ. ನಮ್ಮ ಭಾಗದಲ್ಲಿ ಗಂಡ ತೀರಿಹೋದ ಹೆಂಗಸರು ಅರ್ಜಿಯ ಪಾವತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದೇವರ ಜಗಲಿಯ ಹಿಂದೆ ಇಟ್ಟಿದ್ದಾರೆ. ಅವರ ಓಟು ಇರುವುದು ಕರ್ನಾಟಕದಲ್ಲಿ. ಮಹಾರಾಷ್ಟ್ರದ ಮಂತ್ರಿಗೆ ಅವರ ಭಯ ಯಾಕಿರಬೇಕು?

ಗೋವೆಯಲ್ಲಿ ಈಗ ಆಗುತ್ತಿರುವುದೂ ಇದೇ. ವಾಸ್ಕೋದ ಬೈನಾ, ಜುವಾರಿನಗರ ಎಂದರೆ ಉತ್ತರ ಕರ್ನಾಟಕದ ಅರ್ಧ ಮನೆಗಳಿಗೆ ಗೊತ್ತು. 2004ರಲ್ಲಿ ಬೈನಾದಲ್ಲಿ ಬುಲ್ಡೋಜರ್ ಓಡಿದಾಗ ನಮ್ಮವರ ಮನೆಗಳು ನೆಲಸಮವಾದವು. ಮಹದಾಯಿ ನೀರಿನ ಜಗಳದ ಮಾತು ಎದ್ದಾಗಲೆಲ್ಲ ಅಲ್ಲಿನ ಕನ್ನಡಿಗ ಕೂಲಿಯವನ ಎದೆ ಡವಗುಡುತ್ತದೆ. ಗೋವೆಯ ಮೂಲದವರು ಯಾರು ಎಂದು 1961ರ ಡಿಸೆಂಬರ್ 20ರ ಗೆರೆ ಎಳೆದು ಕಾಯ್ದೆ ಮಾಡಬೇಕೆನ್ನುವ ರೆವಲ್ಯೂಷನರಿ ಗೋವನ್ಸ್ ಪಕ್ಷ 2022ರಲ್ಲಿ ಮೊದಲ ಸಲ ವಿಧಾನಸಭೆಗೆ ನಿಂತು 40ರಲ್ಲಿ ಒಂದು ಸ್ಥಾನ ಗೆದ್ದಿತು. ಇದಕ್ಕೆ ಎದುರಾಗಿ ನಮ್ಮವರ ಹತ್ತಿರ ಇರುವುದೇನು? ಕನ್ನಡ ಸಂಘ. ರಾಜ್ಯೋತ್ಸವಕ್ಕೆ ಪೆಂಡಾಲು, ಬೆಂಗಳೂರಿನಿಂದ ಬಂದ ಮಂತ್ರಿಗೆ ಶಾಲು, ಗೋವೆಯ ಶಾಸಕನಿಗೆ ಹಾರ. ಸಂಘ ಬೇಡ ಎನ್ನುತ್ತಿಲ್ಲ, ಹಬ್ಬ ಮಾಡಲಿ. ಆದರೆ ಕನ್ನಡಿಗರದೇ ಪಕ್ಷ ಎಂದು ಹೊರಟರೆ ಎದುರಿನವರಿಗೆ ಬೇಕಾದ ಶತ್ರುವನ್ನು ನಾವೇ ಒದಗಿಸಿದಂತೆ. ಕಟ್ಟಡದ ಕೆಲಸದಲ್ಲಿ ಕನ್ನಡಿಗನ ಪಕ್ಕದಲ್ಲೇ ಒಡಿಶಾದವನು, ಝಾರ್ಖಂಡದವನು ಇಟ್ಟಿಗೆ ಹೊರುತ್ತಾನೆ. ಮೀನಿನ ದಕ್ಕೆಯಲ್ಲಿ ಗೋವೆಯವನೂ ಇದ್ದಾನೆ. ಅವರ ಜೊತೆ ಸೇರಿ ವಾರ್ಡಿಗೆ ನಿಂತವನನ್ನು ಹೊರಗಿನವನು ಎಂದು ತಳ್ಳುವುದು ಕಷ್ಟ.

ಈಗ ನಮ್ಮ ಅಂಗಳಕ್ಕೆ ಬರೋಣ. ಯಾಕೆಂದರೆ ಗೋವೆಯವರನ್ನು ಬೈಯುವ ಬಾಯಿಯೇ ಇಲ್ಲಿ ಬೇರೆ ಮಾತಾಡುತ್ತದೆ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಬಿಹಾರ, ಒಡಿಶಾ, ಉತ್ತರ ಪ್ರದೇಶದ ಹುಡುಗರಿದ್ದಾರೆ. ಅವರು ಇಲ್ಲಿಯ ಯಾದಿಗೆ ಹೆಸರು ಸೇರಿಸಲು ಬಂದರೆ ‘ಇವರದೇನ ಇಲ್ಲಿ?’ ಎನ್ನುವವರು ನಾವೇ. ಆದರೆ ಕಲಬುರಗಿ ಕಡೆಯ ಡಾ. ನೀರಜ್ ಪಾಟೀಲ ಲಂಡನ್ನಿನ ಲ್ಯಾಂಬೆತ್‌ಗೆ 2010ರಲ್ಲಿ ಮೇಯರ್ ಆದಾಗ ಪತ್ರಿಕೆಗಳು ಎದೆಯುಬ್ಬಿಸಿ ಬರೆದವು, ಬರೆಯಬೇಕಾದದ್ದೇ. ಬ್ರಿಟನ್ನಿನಲ್ಲಿ ನೆಲೆಸಿದ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಆ ದೇಶದ ಪೌರತ್ವವಿಲ್ಲದಿದ್ದರೂ ಅಲ್ಲಿ ಓಟಿದೆ. ನಮ್ಮಲ್ಲಿ ಸ್ವಂತ ದೇಶದ ಪೌರನಿಗೆ ಪಕ್ಕದ ರಾಜ್ಯದಲ್ಲಿ ಓಟು ಕೊಡಲು ಮುಖ ಸಿಂಡರಿಸುತ್ತೇವೆ.

ಕಬ್ಬು ಕಡಿಯುವವರ ಲೆಕ್ಕ ಬೇರೆ. ಬೀಡ ಕಡೆಯಿಂದ, ವಿಜಯಪುರದ ಕಡೆಯಿಂದ ಬರುವ ಗ್ಯಾಂಗುಗಳು ಗುಡಿಸಲು ಹಾಕಿ ಹಂಗಾಮು ಮುಗಿಸಿ ಹೋಗುತ್ತವೆ. ಅವರಿಗೆ ಇಲ್ಲಿಯ ಯಾದಿ ಒಪ್ಪುವುದಿಲ್ಲ, ಊರಿನ ಓಟು ಕೈಗೆ ಸಿಗುವುದಿಲ್ಲ. ನಮ್ಮ ಗ್ರಾಮ ಪಂಚಾಯ್ತಿ ಚುನಾವಣೆ ನಡೆದದ್ದು 2020ರ ಡಿಸೆಂಬರ್ 22 ಮತ್ತು 27ಕ್ಕೆ, ಮಹಾರಾಷ್ಟ್ರ ವಿಧಾನಸಭೆಯದು 2024ರ ನವೆಂಬರ್ 20ಕ್ಕೆ. ಎರಡೂ ಕಬ್ಬಿನ ಹೊತ್ತಿನಲ್ಲಿ. ಸೈನಿಕನಿಗೆ ಅಂಚೆ ಮತ ಕೊಡಲು ಬರುತ್ತದೆ ಎಂದ ಮೇಲೆ ಕಬ್ಬು ಕಡಿಯುವ ಕೋಯ್ತಾ ಹಿಡಿದವನಿಗೂ ಕೊಡಲು ಬರಬೇಕು. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ದರಕ್ಕಾಗಿ ರೈತರು ಕೂತರು, ಟನ್ನಿಗೆ 3,300 ರೂಪಾಯಿ ಒಪ್ಪಿಸಿಕೊಂಡು ಎದ್ದರು. ಆ ದಿನಗಳ ಅಷ್ಟೂ ಭಾಷಣಗಳಲ್ಲಿ ಕಡಿಯುವವರ ಕೂಲಿ ಎಷ್ಟೆಂಬ ಮಾತು ನನ್ನ ಕಿವಿಗೆ ಬೀಳಲಿಲ್ಲ. ಓಟಿಲ್ಲದವರ ದರವನ್ನು ಯಾರು ಕೇಳುತ್ತಾರೆ?

ಕಾಯ್ದೆ ಅಡ್ಡ ಬರುವುದಿಲ್ಲ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 19ನೇ ಕಲಮು ಕೇಳುವುದು ಮನುಷ್ಯ ಸಾಮಾನ್ಯವಾಗಿ ವಾಸವಿರುವ ಜಾಗವನ್ನು. ಊರಲ್ಲಿ ಮನೆಯಿದ್ದ ಮಾತ್ರಕ್ಕೆ ಅಲ್ಲಿಯ ವಾಸಿ ಆಗುವುದಿಲ್ಲ ಎಂದು 20ನೇ ಕಲಮು ಹೇಳುತ್ತದೆ. ಹೆಸರು ವರ್ಗಾಯಿಸಲು ಫಾರ್ಮ್ 8 ಸಾಕು. 2022ರ ಕೊನೆಯಲ್ಲಿ ಚುನಾವಣಾ ಆಯೋಗ ಇನ್ನೊಂದು ದಾರಿ ಮುಂದಿಟ್ಟಿತು: ದುಡಿಯುವ ಊರಿನಲ್ಲೇ ನಿಂತು 72 ಕ್ಷೇತ್ರಗಳಿಗೆ ಓಟು ಹಾಕಬಹುದಾದ ಯಂತ್ರ. ಪಕ್ಷಗಳ ವಿರೋಧದಿಂದ ಅದು ನಿಂತುಹೋಯಿತು. ಅದಕ್ಕೆ ನನಗೆ ದುಃಖವಿಲ್ಲ. ಆ ಯಂತ್ರ ಕ್ರೂಸರಿನ ಬಾಡಿಗೆ ಉಳಿಸುತ್ತಿತ್ತು, ಕೆಲಸಗಾರನನ್ನು ಅವನು ದುಡಿಯುವ ಊರಿಗೆ ಹೊರಗಿನವನನ್ನಾಗಿಯೇ ಇಡುತ್ತಿತ್ತು.

ತಡಮಾಡುವ ಹಾಗೂ ಇಲ್ಲ. 2025ರಲ್ಲಿ ಬಿಹಾರದ ಮತಯಾದಿ ಪರಿಷ್ಕರಣೆಯಾದಾಗ ಕರಡಿನಲ್ಲಿ ಸುಮಾರು 65 ಲಕ್ಷ ಹೆಸರು ಬಿಟ್ಟುಹೋದವು. ಅದರಲ್ಲಿ 36 ಲಕ್ಷದಷ್ಟು ಮಂದಿ ಬೇರೆ ಕಡೆ ಹೋದವರು ಇಲ್ಲವೇ ಸಿಗದವರು ಎಂಬ ಲೆಕ್ಕ. ಅಂಥದೇ ಪರಿಷ್ಕರಣೆ ನಮ್ಮ ಓಣಿಗೆ ಬಂದು ಬಾಗಿಲು ಬಡಿದರೆ ಕ್ರೂಸರಿನ ಹುಡುಗರ ಹೆಸರು ಇಲ್ಲಿಂದಲೂ ಹೋಗುತ್ತದೆ, ಅಲ್ಲಂತೂ ಇಲ್ಲ. ಯೂನಿಯನ್ನಿನ ಕತೆಯೂ ಹಾಗೆಯೇ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಹಾಜರಿ ಪಟ್ಟಿಯ ಶೇ 51 ಕಾರ್ಮಿಕರ ಬೆಂಬಲವಿದ್ದ ಯೂನಿಯನ್ನಿಗೆ ಮಾತುಕತೆಯ ಹಕ್ಕು. ನಾವು 1982ರಲ್ಲಿ ಕೇಳಿದ್ದಕ್ಕೆ ಹತ್ತಿರದ ಮಾತು ಇದು. ಆದರೆ ಗುತ್ತಿಗೆದಾರನ ಕೈಕೆಳಗಿನ ವಲಸೆ ಹುಡುಗನ ಹೆಸರು ಕಂಪನಿಯ ಹಾಜರಿ ಪಟ್ಟಿಯಲ್ಲೇ ಇರುವುದಿಲ್ಲ. ಎರಡು ಯಾದಿ, ಎರಡರಲ್ಲೂ ಅವನಿಲ್ಲ.

ನಮ್ಮ ಓಣಿಯ ಹುಡುಗನೊಬ್ಬ ಗೋಕುಳ ಶಿರಗಾವದ ಫೌಂಡ್ರಿಯಲ್ಲಿ ಮದುವೆಗೆ ಮುಂಚಿನಿಂದ ಇದ್ದಾನೆ, ಈಗ ಅವನ ಮಗಳು ಅಲ್ಲಿಯ ಶಾಲೆಗೆ ಹೋಗುತ್ತಾಳೆ. ಭಾವಕೇಶ್ವರಿ ಜಾತ್ರೆಗೆ ಬಂದಾಗ ಫಾರ್ಮ್ 8ರ ಮಾತು ತೆಗೆದೆ. ‘ಕಾಕಾ, ಹೆಸರ ತಗಿಸಿದರ ಹೊಲದಾಗಿನ ಪಾಲ ಹೋಕ್ಕೈತೇನ?’ ಎಂದ. ಹೊಲದ ಉತಾರ ಬೇರೆ, ಮತಯಾದಿ ಬೇರೆ ಎಂದೆ. ಒಳಗಿನಿಂದ ಅವನ ಅವ್ವ, ‘ಅಂವ ಓಟ ಅಲ್ಲಿಗಿ ಒಯ್ದರ ನನ್ನ ಗೃಹಲಕ್ಷ್ಮಿ ಯಾರ ಹಾಕತಾರ?’ ಎಂದು ಕೂಗಿದಳು. ಅದು ರೇಷನ್ ಕಾರ್ಡಿನದು ತಾಯಿ, ಮಗನ ಓಟಿನದಲ್ಲ ಎಂದು ತಿಳಿಸಿ ಹೇಳುವಷ್ಟರಲ್ಲಿ ಚಹಾ ಆರಿಹೋಯಿತು. ಹುಡುಗ ಅರ್ಧ ಒಪ್ಪಿದ್ದಾನೆ. ಗುತ್ತಿಗೆದಾರನಿಂದ ನೇಮಕಾತಿ ಪತ್ರ ಬರೆಸಿಕೋ, ಹೊಸ ಕಾಯ್ದೆಯಲ್ಲಿ ಅದು ಕೊಡಲೇಬೇಕು ಎಂದೂ ಹೇಳಿದ್ದೇನೆ. ಸದ್ಯಕ್ಕೆ ಗಂಟು ಬಿದ್ದಿರುವುದು ಬಾಡಿಗೆ ಮನೆಯ ಮಾಲಕನ ಹತ್ತಿರ. ಕರಾರುಪತ್ರ ಮಾಡಿಕೊಟ್ಟರೆ ನಾಳೆ ಮನೆಯನ್ನೇ ಹೊಡೆದುಕೊಂಡಾನು ಎಂಬ ಹೆದರಿಕೆ ಆ ಮನುಷ್ಯನಿಗೆ. ನನ್ನ ಜೊತೆ ಸಾಂಚೆ ಖಾತೆಯಲ್ಲಿದ್ದ ಗೆಳೆಯನೊಬ್ಬ ಅದೇ ಓಣಿಯ ಹಿಂದೆ ಇರುತ್ತಾನೆ. ಮಾತಾಡಿ ಒಪ್ಪಿಸು ಎಂದು ಅವನಿಗೆ ಫೋನು ಹಚ್ಚಿದ್ದೇನೆ.